ಆರನೆಯವನು ಯಾರು? ಎದುರಾಳಿಯ ಪಟ್ಟಿ ಓದುವ ಬಗೆ

ಎಲ್ಲರಿಗೂ ನಮಸ್ಕಾರ. ಮಿಷಿಗನ್ ವಿಶ್ವವಿದ್ಯಾಲಯದ ಊರು ಆನ್ ಆರ್ಬರ್ ಕಡೆಯಿಂದ ಬಂದವರು ಎಡಗಡೆ, ಒಹಾಯೊ ಸ್ಟೇಟ್ ವಿಶ್ವವಿದ್ಯಾಲಯದ ಊರು ಕೊಲಂಬಸ್ ಕಡೆಯವರು ಬಲಗಡೆ, ನಡುವೆ ಅಗಲವಾದ ದಾರಿ. ಯಾರೂ ಹೇಳಿ ಕೂರಿಸಿದ್ದಲ್ಲ, ತಾನಾಗಿ ಆದದ್ದು. ನಾವು ಸೇರಿರುವ ಈ ಟೊಲಿಡೊ ಊರಿಗಾಗಿಯೇ 1835ರಲ್ಲಿ ಒಹಾಯೊ ರಾಜ್ಯವೂ, ಆಗಿನ್ನೂ ರಾಜ್ಯವಾಗಿರದ ಮಿಷಿಗನ್ನೂ ಸೈನ್ಯ ಕಟ್ಟಿಕೊಂಡು ಎದುರುಬದುರು ನಿಂತಿದ್ದವು. ಗಡಿ ತಕರಾರು ಕನ್ನಡಿಗರಿಗೇನು ಹೊಸದಲ್ಲ, ಬಿಡಿ.

ಅಮೆರಿಕನ್ ಕಾಲೇಜು ಫುಟ್‌ಬಾಲ್ ಋತು ಶುರುವಾಗಲು ಮೂರು ವಾರ ಇದೆ. ಆಗಸ್ಟ್ ಬಂತೆಂದರೆ ಎದುರಾಳಿಯ ಬಗ್ಗೆ ಎಲ್ಲರೂ ಕೇಳುವುದು ಎರಡೇ ಪ್ರಶ್ನೆ: ಚೆಂಡು ಎಸೆದು ದಾಳಿ ನಡೆಸುವ ಕ್ವಾರ್ಟರ್‌ಬ್ಯಾಕ್ ಯಾರು, ದೊಡ್ಡ ಹೆಸರು ಎಷ್ಟು ಹೋದವು? ನಾನು ಇವತ್ತು ಹಿಡಿದು ಜಗ್ಗುವುದು ಮೂರನೆಯ ಪ್ರಶ್ನೆಯನ್ನು. ಆಫೆನ್ಸ್ ಲೈನ್, ಅಂದರೆ ಚೆಂಡು ಹಿಡಿದ ತಂಡದ ಮುಂದೆ ಗೋಡೆಯಂತೆ ನಿಂತು ಎದುರಾಳಿಯನ್ನು ತಡೆಯುವ ಸಾಲಿನಲ್ಲಿ ಆಡುವವರು ಐದು ಜನ: ನಡುವೆ ಸೆಂಟರ್, ಅವನ ಎರಡೂ ಪಕ್ಕ ಗಾರ್ಡ್, ತುದಿಗಳಲ್ಲಿ ಟ್ಯಾಕಲ್. ಒಬ್ಬ ಬಿದ್ದರೆ ಇಳಿಯುವ ಅವರ ಆರನೆಯವನು ಯಾರು? ಏಳನೆಯವನು ಯಾರು? ಇದಕ್ಕೆ ಉತ್ತರ ಗೊತ್ತಿಲ್ಲದೆ ಉಳಿದದ್ದನ್ನೆಲ್ಲ ಎಷ್ಟೇ ಚೆನ್ನಾಗಿ ಓದಿಕೊಂಡಿದ್ದರೂ ನವೆಂಬರ್‌ನಲ್ಲಿ ಕೈಕೊಡುತ್ತದೆ.

ಮೊದಲು ಕೈಕೆಲಸ. ಕಾಲೇಜು ಪ್ರಕಟಿಸುವ ರೋಸ್ಟರ್‌ನಲ್ಲಿ ನೂರು ಚಿಲ್ಲರೆ ಹೆಸರಿರುತ್ತವೆ. ಅಲ್ಲಿಂದ ಶುರು ಮಾಡಬೇಡಿ, ತಲೆ ಕೆಡುತ್ತದೆ. ಕಳೆದ ವರ್ಷದ ಕೊನೆಯ ದೊಡ್ಡ ಪಂದ್ಯದಲ್ಲಿ ಯಾರು ಯಾವ ಜಾಗದಲ್ಲಿ ಇಳಿದರು ಅನ್ನುವಲ್ಲಿಂದ ಶುರು ಮಾಡಿ. ಒಂದು ದೊಡ್ಡ ಹಾಳೆ ಅಡ್ಡಲಾಗಿ ಇಟ್ಟುಕೊಂಡು ಆಫೆನ್ಸ್‌ನ 11, ಡಿಫೆನ್ಸ್‌ನ 11, ಆಮೇಲೆ ಒದೆತದ ಕೆಲಸಕ್ಕಿರುವ ಕಿಕ್ಕರ್, ಪಂಟರ್, ಲಾಂಗ್ ಸ್ನ್ಯಾಪರ್ ಬರೆಯಿರಿ. ಪ್ರತಿ ಜಾಗದ ಕೆಳಗೆ ಮೂರು ಹೆಸರಿಗೆ ಜಾಗ ಬಿಡಿ. ಈಗ ಹೋದವರನ್ನು ಹೊಡೆದುಹಾಕಿ. ಸುಮ್ಮನೆ ಗೀಚಬೇಡಿ, ಪಕ್ಕದಲ್ಲಿ ಕಾರಣವನ್ನೂ ಹಾಕಿ: 'ಮು' ಅಂದರೆ ಕಾಲೇಜಿಗೆ ಆಡುವ ಅರ್ಹತೆ ಮುಗಿದವನು, 'ಡ್ರಾ' ಅಂದರೆ ಡ್ರಾಫ್ಟ್‌ಗೆ (ವೃತ್ತಿಪರ ತಂಡಗಳು ಸರದಿಯಂತೆ ಆಟಗಾರರನ್ನು ಆಯ್ದುಕೊಳ್ಳುವುದು) ಹೋದವನು, 'ಪೋ' ಪೋರ್ಟಲ್ (ಕಾಲೇಜು ಬದಲಿಸಲು ಹೆಸರು ಕೊಡುವ ಪಟ್ಟಿ), 'ಗಾ' ಗಾಯ. ಕಾರಣ ಯಾಕೆ ಬೇಕು? ಡ್ರಾಫ್ಟ್‌ಗೆ ಹೋದವನ ಜಾಗ ನಿಜವಾಗಿಯೂ ಖಾಲಿ. ಪೋರ್ಟಲ್‌ಗೆ ಹೋದವನ ಜಾಗ ಎಷ್ಟೋ ಸಲ ಖಾಲಿಯೇ ಅಲ್ಲ. ಅವನನ್ನು ದಾಟಿ ಇನ್ನೊಬ್ಬ ಮುಂದೆ ಬಂದಿದ್ದಕ್ಕೇ ಅವನು ಹೊರಟಿರುತ್ತಾನೆ. ಗಾಯವಾದವನು ಅಕ್ಟೋಬರ್‌ನಲ್ಲಿ ವಾಪಸ್ ಬಂದಾನು. ಮೂವರನ್ನೂ 'ನಷ್ಟ' ಎಂಬ ಒಂದೇ ಖಾತೆಗೆ ಬರೆದರೆ ಲೆಕ್ಕ ತಪ್ಪುತ್ತದೆ.

ಉಳಿದವರ ಮುಂದೆ ಸ್ನ್ಯಾಪ್ ಸಂಖ್ಯೆ ಬರೆಯಿರಿ. ಸೆಂಟರ್ ಚೆಂಡನ್ನು ಹಿಂದಕ್ಕೆ ಕೊಡುವುದೇ ಸ್ನ್ಯಾಪ್, ಪ್ರತಿ ಸಲ ಆಟ ಶುರುವಾಗುವುದು ಅದರಿಂದ. 'ಎಷ್ಟು ಪಂದ್ಯ ಆಡಿದ' ಅನ್ನುವುದು ಮೋಸದ ಲೆಕ್ಕ. ಫೀಲ್ಡ್ ಗೋಲ್ ಒದೆಯುವಾಗ ಮಾತ್ರ ಇಳಿಯುವ ತಂಡದಲ್ಲಿ ನಿಂತು 13 ಪಂದ್ಯ 'ಆಡಿದ' ಲೈನ್‌ಮನ್‌ಗಳು ಬೇಕಾದಷ್ಟಿದ್ದಾರೆ. ಒಂದು ಪಂದ್ಯಕ್ಕೆ ಆಫೆನ್ಸ್‌ಗೆ ಸುಮಾರು 65 ಸ್ನ್ಯಾಪ್ ಹಿಡಿಯಿರಿ. 13 ಪಂದ್ಯಕ್ಕೆ 845, ಐದು ಜನರ ಲೈನ್‌ಗೆ 4,225. ಆ 4,225ರಲ್ಲಿ ಎಷ್ಟು ಈ ವರ್ಷದ ತಂಡದಲ್ಲಿ ಉಳಿದಿದೆ? ಉಳಿದದ್ದರಲ್ಲಿ ಎಷ್ಟು ಪಂದ್ಯ ಇನ್ನೂ ಇತ್ಯರ್ಥವಾಗದಿದ್ದಾಗ ಆಡಿದ್ದು, ಎಷ್ಟು 35 ಅಂಕ ಮುಂದಿದ್ದಾಗ ನಾಲ್ಕನೇ ಕ್ವಾರ್ಟರ್‌ನಲ್ಲಿ ಆಡಿದ್ದು? ಕೊನೆಯದನ್ನು ಅರ್ಧಕ್ಕೆ ಇಳಿಸಿ ಬರೆಯಿರಿ. ಎದುರಿಗೆ ನಿಂತಿದ್ದವನೂ ಎರಡನೇ ಸಾಲಿನವನೇ ತಾನೆ.

ಉದಾಹರಣೆಗೆ 2024ರ ಆಗಸ್ಟ್‌ನ ಮಿಷಿಗನ್. ಎಡಗಡೆಯವರು ಕ್ಷಮಿಸಬೇಕು, ಮುಂದಿನ ಸರದಿ ಬಲಗಡೆಯವರದ್ದೇ. ಹಿಂದಿನ ಋತುವಿನಲ್ಲಿ 15ಕ್ಕೆ 15 ಗೆದ್ದು, ಹ್ಯೂಸ್ಟನ್‌ನಲ್ಲಿ ವಾಷಿಂಗ್ಟನ್ ತಂಡವನ್ನು 34–13ರಿಂದ ಸೋಲಿಸಿದ ಚಾಂಪಿಯನ್ನರು. ಕೋಚ್ ಜಿಮ್ ಹಾರ್ಬೋ ವೃತ್ತಿಪರ ತಂಡ ಚಾರ್ಜರ್ಸ್‌ಗೆ ಹೋದರು. 13 ಆಟಗಾರರು ಡ್ರಾಫ್ಟ್ ಆದರು. ಕ್ವಾರ್ಟರ್‌ಬ್ಯಾಕ್ ಜೆ.ಜೆ. ಮೆಕಾರ್ಥಿ ಹತ್ತನೆಯವನಾಗಿ ಹೋದ. ಆ ಬೇಸಿಗೆಯಿಡೀ ಜನ ಮಾತಾಡಿದ್ದು ಮೆಕಾರ್ಥಿಯ ಜಾಗಕ್ಕೆ ಯಾರು ಎಂದು: ಡೇವಿಸ್ ವಾರೆನ್ನಾ, ಅಲೆಕ್ಸ್ ಓರ್ಜಿಯಾ, ಜ್ಯಾಕ್ ಟಟಲ್ಲಾ? ಹಾಳೆ ಎದುರಿಗಿಟ್ಟುಕೊಂಡವನಿಗೆ ಕಂಡದ್ದು ಬೇರೆ. ಹೆಂಡರ್‌ಸನ್, ಕೀಗನ್, ನ್ಯೂಜೆಂಟ್, ಜಿಂಟರ್, ಬಾರ್ನ್‌ಹಾರ್ಟ್, ಲೈನ್‌ನ ಐವರೂ ಹೋಗಿದ್ದರು. ಇಷ್ಟಾದರೆ ಹೇಗೋ ನಡೆದೀತು. ಜಿಂಟರ್ ಕಾಲು ಮುರಿದುಕೊಂಡ ಮೇಲೆ ಫೈನಲ್‌ವರೆಗೆ ತಂಡವನ್ನು ದಾಟಿಸಿದ ಆರನೆಯವನು ಟ್ರೆಂಟೆ ಜೋನ್ಸ್. ಅವನೂ ಹೋಗಿದ್ದ! ಅಂದರೆ ಹೋದದ್ದು ಐದಲ್ಲ, ಆರು.

ಸೆಪ್ಟೆಂಬರ್ 7ಕ್ಕೆ ಟೆಕ್ಸಸ್ ಬಂತು. 1,07,601 ಜನ ಹಿಡಿಸುವ ಆನ್ ಆರ್ಬರ್‌ನ ಮೈದಾನದಲ್ಲಿ ಮಿಷಿಗನ್ ಸತತ 23 ಪಂದ್ಯ ಸೋತಿರಲಿಲ್ಲ. ಅರ್ಧ ಹೊತ್ತಿಗೆ ಟೆಕ್ಸಸ್‌ಗೆ 24–3, ಕೊನೆಗೆ 31–12. ಓಟದಲ್ಲಿ ಮಿಷಿಗನ್ ಗಳಿಸಿದ್ದು 80 ಗಜ. ಎಲ್ಲರೂ ಎದುರಾಳಿಯ ಕೈಸೇರಿದ ವಾರೆನ್‌ನ ಎರಡು ಎಸೆತ, ಅಂದರೆ ಇಂಟರ್‌ಸೆಪ್ಷನ್ ಬಗ್ಗೆ ಬರೆದರು. ನಾನು ಆ 80 ಗಜದ ಬಗ್ಗೆ ಬರೆಯಿರಿ ಅನ್ನುತ್ತೇನೆ.

ಅದೇ ಹಾಳೆಯಲ್ಲಿ ಇನ್ನೊಂದು ಪಾಠವಿತ್ತು. ಎಲ್ಲರ ಬಾಯಲ್ಲಿದ್ದದ್ದು ಚೆಂಡು ಹಿಡಿದು ಓಡುವ ರನ್ನಿಂಗ್ ಬ್ಯಾಕ್ ಡೊನೊವನ್ ಎಡ್ವರ್ಡ್ಸ್, ಫೈನಲ್‌ನಲ್ಲಿ 41 ಮತ್ತು 46 ಗಜದ ಎರಡು ಟಚ್‌ಡೌನ್ ಹೊಡೆದಿದ್ದವನು, ವಿಡಿಯೊ ಗೇಮ್ ಮುಖಪುಟದಲ್ಲೂ ಬಂದವನು. ಋತು ಮುಗಿದಾಗ ತಂಡದಲ್ಲಿ ಹೆಚ್ಚು ಓಡಿದವನು ಕೇಲೆಲ್ ಮಲಿಂಗ್ಸ್, 948 ಗಜ. ಡಿಫೆನ್ಸ್‌ನಲ್ಲಿ ಲೈನ್‌ಬ್ಯಾಕರ್ ಆಗಿ ಸೇರಿ ಆಮೇಲೆ ಜಾಗ ಬದಲಿಸಿದವನು. ಎಡ್ವರ್ಡ್ಸ್‌ಗೆ ಓಡಲು ಬಾಗಿಲು ತೆರೆದುಕೊಡುವ ಲೈನ್ ಬೇಕು. ಮಲಿಂಗ್ಸ್ ಬಾಗಿಲು ಅರ್ಧ ತೆರೆದಿದ್ದರೂ ಭುಜ ಕೊಟ್ಟು ನುಗ್ಗುವವನು. ಲೈನ್ ಹೊಸದಾದಾಗ ಯಾವ ಬಗೆಯ ಓಟಗಾರನಿಗೆ ಹೆಚ್ಚು ಚೆಂಡು ಸಿಗುತ್ತದೆ ಎಂದು ಆಗಸ್ಟ್‌ನಲ್ಲೇ ಊಹಿಸಬಹುದಿತ್ತು. ಪಟ್ಟಿಯಲ್ಲಿ ಜಾಗ ಬದಲಿಸಿದವರ ಹೆಸರಿಗೆ ಒಂದು ಚುಕ್ಕಿ ಇಡಿ. ಕೋಚ್ ಒಬ್ಬನನ್ನು ಕರೆದು ಜಾಗ ಬದಲಿಸು ಎಂದರೆ ಅಲ್ಲಿ ಏನೋ ಕೊರತೆ ಇದೆ, ಅವನಲ್ಲಿ ಏನೋ ಕಂಡಿದೆ.

ಈಗ ಬಲಗಡೆಯವರ ಸರದಿ. ಇದು ಸ್ವಲ್ಪ ಉದ್ದದ ಕಥೆ. ಕಾಫಿ ತಣ್ಣಗಾದರೆ ನನ್ನನ್ನು ಬೈಯಬೇಡಿ.

2024ರ ಜನವರಿ 1, ರೋಸ್ ಬೌಲ್, ಅಂದರೆ ಆ ಸಲದ ಸೆಮಿಫೈನಲ್. ಅಲಬಾಮಾ ಮತ್ತು ಮಿಷಿಗನ್, ಪಂದ್ಯ ಓವರ್‌ಟೈಮ್‌ಗೆ ಹೋಗಿದೆ. ಅಲಬಾಮಾಗೆ ಕೊನೆಯ ಅವಕಾಶ, ಗೋಲ್ ಗೆರೆಗೆ ಮೂರು ಗಜ. ಸೆಂಟರ್ ಸೆತ್ ಮೆಕ್ಲಾಗ್ಲಿನ್ ಕೊಟ್ಟ ಸ್ನ್ಯಾಪ್ ಕೆಳಕ್ಕೆ ಹೋಯಿತು. ಕ್ವಾರ್ಟರ್‌ಬ್ಯಾಕ್ ಮಿಲ್ರೋ ಬಗ್ಗಿ ಹೆಕ್ಕುವಷ್ಟರಲ್ಲಿ ಮಿಷಿಗನ್ ಗೋಡೆ ಮುಚ್ಚಿತ್ತು. ಮಿಷಿಗನ್‌ಗೆ 27–20. ಆ ದಿನ ಮೆಕ್ಲಾಗ್ಲಿನ್ ಕೈಯಿಂದ ಅಡ್ಡಾದಿಡ್ಡಿ ಸ್ನ್ಯಾಪ್ ಹೋದದ್ದು ಅದೊಂದೇ ಅಲ್ಲ. ಕೆಲವೇ ದಿನಗಳಲ್ಲಿ ಅವನು ಪೋರ್ಟಲ್‌ಗೆ ಬಂದ, ಒಹಾಯೊ ಸ್ಟೇಟ್ ಕರೆದುಕೊಂಡಿತು. ಆನ್ ಆರ್ಬರ್‌ನಲ್ಲಿ ಜನ ನಕ್ಕರು. ಎಡಗಡೆಯವರು ಈಗಲೂ ನಗುತ್ತಿದ್ದೀರಿ, ಕಾಣಿಸುತ್ತಿದೆ. 'ಸ್ನ್ಯಾಪ್ ಕೊಡಲು ಬಾರದವನು' ಅನ್ನುವ ಒಂದೇ ಸಾಲಿನಲ್ಲಿ ಅವನ ಹೆಸರು ಮುಗಿದುಹೋಯಿತು. ಹೀಗೆ ಓದಿದರೆ ಪಟ್ಟಿ ಓದಿದ ಹಾಗಲ್ಲ. ಒಂದು ಸಂಜೆಯ ಟಿವಿ ನೋಡಿ ಜಾತಕ ಬರೆದ ಹಾಗೆ. ನೋಡಬೇಕಾದದ್ದು ಅವನು ಅಲಬಾಮಾದಂಥ ತಂಡದಲ್ಲಿ ಎಂಥೆಂಥ ಡಿಫೆನ್ಸ್ ಟ್ಯಾಕಲ್‌ಗಳ ಎದುರು ನಿಂತ, ಪಕ್ಕದ ಗಾರ್ಡ್‌ಗಳಿಗೆ ಎದುರಿನ ಸಾಲು ಓದಿ ಹೇಳುವ ಕೆಲಸ ಎಷ್ಟು ಕಾಲದಿಂದ ಮಾಡುತ್ತಿದ್ದ ಎಂಬುದು. ಆ ವರ್ಷದ ಕೊನೆಗೆ ದೇಶದ ಅತ್ಯುತ್ತಮ ಸೆಂಟರ್‌ಗೆ ಕೊಡುವ ರಿಮಿಂಗ್ಟನ್ ಟ್ರೋಫಿ ಬಂದದ್ದು ಇದೇ ಹುಡುಗನಿಗೆ.

ಕಥೆ ಇಲ್ಲಿಗೆ ಮುಗಿಯಲಿಲ್ಲ. ಅಕ್ಟೋಬರ್ 12, ಆರೆಗಾನ್ ವಿರುದ್ಧ ಒಹಾಯೊದ ಎಡ ಟ್ಯಾಕಲ್ ಜಾಶ್ ಸಿಮನ್ಸ್ ಮೊಣಕಾಲು ಹೋಯಿತು. ಆರನೆಯವನು ಜೆನ್ ಮಿಚಾಲ್‌ಸ್ಕಿ ನೆಬ್ರಾಸ್ಕಾ ವಿರುದ್ಧ ಇಳಿದ, ಅವನಿಗೂ ಗಾಯ. ಆಗ ಎಡ ಗಾರ್ಡ್ ಡೊನೊವನ್ ಜ್ಯಾಕ್ಸನ್‌ನನ್ನು ಟ್ಯಾಕಲ್‌ಗೆ ಸರಿಸಿ, ಗಾರ್ಡ್ ಜಾಗಕ್ಕೆ ಕಾರ್ಸನ್ ಹಿಂಜ್‌ಮನ್‌ನನ್ನು ತಂದರು. ನವೆಂಬರ್‌ನಲ್ಲಿ ಅಭ್ಯಾಸದ ವೇಳೆ ಮೆಕ್ಲಾಗ್ಲಿನ್‌ನ ಹಿಮ್ಮಡಿಯ ನರ ಹರಿಯಿತು. ಹಿಂಜ್‌ಮನ್ ಸೆಂಟರ್‌ಗೆ, ಗಾರ್ಡ್ ಜಾಗಕ್ಕೆ ಲ್ಯೂಕ್ ಮಾಂಟ್‌ಗೊಮರಿ. ಒಬ್ಬ ಬಿದ್ದರೆ ಒಂದು ಜಾಗ ಬದಲಾಗುತ್ತದೆ ಎಂದುಕೊಳ್ಳುತ್ತೇವೆ. ಆಗುವುದು ಹಾಗಲ್ಲ, ಪಕ್ಕದವನು ಸರಿಯುತ್ತಾನೆ, ಅವನ ಪಕ್ಕದವನು ಸರಿಯುತ್ತಾನೆ. ಲೈನ್‌ನ ಎಡಗಡೆಯ ಮೂರು ಜಾಗಕ್ಕೆ ಮೂರೂ ಬೇರೆ ಮುಖ. ಅದಕ್ಕೇ ನಾನು ಕೇಳುವುದು, ಆರನೆಯವನು ಯಾರು?

ನವೆಂಬರ್ 30, ಕೊಲಂಬಸ್, ಒಹಾಯೊ ಎದುರು ಮಿಷಿಗನ್. ಸುಮಾರು 20 ಅಂಕದಿಂದ ಒಹಾಯೊ ಗೆಲ್ಲುತ್ತದೆ ಎಂಬ ಲೆಕ್ಕ. ಮಿಷಿಗನ್‌ಗೆ ಎಸೆತ ಹಿಡಿಯುವ ಟೈಟ್ ಎಂಡ್ ಲವ್‌ಲ್ಯಾಂಡ್ ಇಲ್ಲ, ಎಸೆತ ತಡೆಯುವ ಕಾರ್ನರ್ ವಿಲ್ ಜಾನ್ಸನ್ ಇಲ್ಲ, ವಾರೆನ್ ಎಸೆದದ್ದು ಒಟ್ಟು 62 ಗಜ. ಆದರೆ ಡಿಫೆನ್ಸ್‌ನ ನಡುವೆ ಮೇಸನ್ ಗ್ರಹಾಂ ಮತ್ತು ಕೆನೆತ್ ಗ್ರಾಂಟ್ ಇದ್ದರು, ಮುಂದಿನ ಡ್ರಾಫ್ಟ್‌ನಲ್ಲಿ 5 ಮತ್ತು 13ನೆಯವರಾಗಿ ಹೋದವರು. ಒಹಾಯೊ ಆ ತೇಪೆ ಹಾಕಿದ ನಡುವಿನಿಂದಲೇ ಮತ್ತೆಮತ್ತೆ ಓಡಿತು, ಈ ಇಬ್ಬರು ನಿಂತಲ್ಲಿಗೇ ಹೋಗಿ ಡಿಕ್ಕಿ ಹೊಡೆಯಿತು. 26 ಓಟ, 77 ಗಜ. ಮಿಷಿಗನ್‌ಗೆ 13–10. ಗೆಲುವಿನ ಒದೆತ 21 ಗಜದ್ದು, 45 ಸೆಕೆಂಡ್ ಉಳಿದಿರುವಾಗ. ಒದ್ದವನು ಅರ್ಕಾನ್ಸಾ ಸ್ಟೇಟ್‌ನಿಂದ ಬಂದ ಡಾಮಿನಿಕ್ ಜ್ವಾಡಾ. ಋತುವಿನಲ್ಲಿ 22ಕ್ಕೆ 21 ಹೊಡೆದವನು. ಬೇಸಿಗೆಯ ಎಷ್ಟು ಪ್ರಿವ್ಯೂಗಳಲ್ಲಿ ಕಿಕ್ಕರ್‌ಗೆ ಎರಡು ಸಾಲು ಸಿಕ್ಕಿತ್ತು?

ಬಲಗಡೆ ಯಾರೋ ಕೈ ಎತ್ತುತ್ತಿದ್ದೀರಿ. ಗೊತ್ತು, ಗೊತ್ತು. ಅದೇ ತೇಪೆ ಲೈನ್ ಇಟ್ಟುಕೊಂಡು ಒಹಾಯೊ ಆಮೇಲೆ ಟೆನೆಸಿ, ಆರೆಗಾನ್, ಟೆಕ್ಸಸ್ ಮೂರನ್ನೂ ಬಗ್ಗುಬಡಿದು, ನೋಟ್ರ ಡೇಮ್ ವಿರುದ್ಧ 34–23ರಿಂದ ಚಾಂಪಿಯನ್ ಆಯಿತು. ಹಾಗಾದರೆ ನನ್ನ ವಾದ ಬಿದ್ದುಹೋಯಿತೆ? ಇಲ್ಲ, ಸ್ವಲ್ಪ ತಿದ್ದಿಕೊಳ್ಳಬೇಕು. ಟೆನೆಸಿ ಪಂದ್ಯಕ್ಕೆ ಮೂರು ವಾರ ಸಿಕ್ಕಿತು. ಆ ಐವರು ಒಟ್ಟಿಗೆ ಅಭ್ಯಾಸ ಮಾಡಿದರು, ಚೆಂಡು ಬೇಗ ಬಿಡುಗಡೆಯಾಗಿ ಹೊರಗೆ ಎಸೆತ ಹಿಡಿಯಲು ನಿಂತ ಜೆರಮಾಯಾ ಸ್ಮಿತ್ ಕಡೆ ಹೋಗತೊಡಗಿತು. ದುರ್ಬಲ ಜಾಗ ಎಲ್ಲ ಪಂದ್ಯದಲ್ಲೂ ಸೋಲಿಸುವುದಿಲ್ಲ. ಎದುರಿಗೆ ಅದೇ ಜಾಗದಲ್ಲಿ ಬಲವಿರುವವನು ನಿಂತಾಗ, ಮತ್ತು ನೀವು ಹಠ ಹಿಡಿದು ಅಲ್ಲಿಗೇ ಹೋದಾಗ ಸೋಲಿಸುತ್ತದೆ. ಹಾಗಾಗಿ ಎದುರಾಳಿಯ ಹಾಳೆ ಒಂದನ್ನೇ ಓದಬೇಡಿ. ನಿಮ್ಮ ಡಿಫೆನ್ಸ್ ಹಾಳೆಯನ್ನು ತಲೆಕೆಳಗಾಗಿ ತಿರುಗಿಸಿ ಅವರ ಆಫೆನ್ಸ್ ಹಾಳೆಗೆ ಮುಖಾಮುಖಿ ಇಡಿ. ಅವರ ಎಡ ಗಾರ್ಡ್ ಎದುರು ನಿಮ್ಮವನು ಯಾರು, ಬೆರಳಿಟ್ಟು ನೋಡಿ.

ಎತ್ತರ ತೂಕದ ವಿಚಾರ. ರೋಸ್ಟರ್‌ನಲ್ಲಿ ಬರೆದ ತೂಕ ನಮ್ಮ ಮದುವೆ ಜಾಹೀರಾತಿನ ಎತ್ತರದಷ್ಟೇ ನಂಬಿಕೆಗೆ ಅರ್ಹ. ಈಗ ಹೇಳಿದ ಗ್ರಹಾಂ ಪಟ್ಟಿಯಲ್ಲಿ 320 ಪೌಂಡ್. ಡ್ರಾಫ್ಟ್‌ಗೆ ಮುಂಚಿನ ತಕ್ಕಡಿಯಲ್ಲಿ 296. ಹನ್ನೊಂದು ಕೆಜಿ ಎಲ್ಲಿಗೆ ಹೋಯಿತೋ! ಅದಕ್ಕೆ ಒಂದೇ ಪಟ್ಟಿಯ ತೂಕ ನೋಡದೆ ಕಳೆದ ವರ್ಷದ ಪಟ್ಟಿ, ಈ ವರ್ಷದ ಪಟ್ಟಿ ಎರಡನ್ನೂ ಹಿಡಿದು ವ್ಯತ್ಯಾಸ ನೋಡಿ. ಎರಡನೇ ವರ್ಷದ ಟ್ಯಾಕಲ್ 275ರಿಂದ 300ಕ್ಕೆ ಬಂದಿದ್ದರೆ ಅವನನ್ನು ಆಡಿಸಲು ತಯಾರು ಮಾಡುತ್ತಿದ್ದಾರೆ ಎಂದೇ ಲೆಕ್ಕ.

ಸಮಯ ಆಯಿತು ಎಂದು ಚೀಟಿ ಬಂದಿದೆ. ಬೇಗ ಬೇಗ ಹೇಳುತ್ತೇನೆ. ಜರ್ಸಿ ಸಂಖ್ಯೆ: ಇಬ್ಬರಿಗೆ ಒಂದೇ ಸಂಖ್ಯೆ ಇರಬಹುದು, ಒಟ್ಟಿಗೆ ಮೈದಾನಕ್ಕೆ ಇಳಿಯುವಂತಿಲ್ಲ ಅಷ್ಟೇ. ಹಳೆಯ ವಿಡಿಯೊ ನೋಡುವಾಗ ಅವನ ಆಟ ಇವನ ಖಾತೆಗೆ ಬೀಳದಂತೆ ನೋಡಿಕೊಳ್ಳಿ. ರೆಡ್‌ಶರ್ಟ್, ಅಂದರೆ ಅರ್ಹತೆಯ ಒಂದು ವರ್ಷ ಖರ್ಚಾಗದಂತೆ ಉಳಿಸಿಕೊಳ್ಳುವುದು: 2018ರಲ್ಲಿ ಬಂದ ನಿಯಮದಂತೆ ನಾಲ್ಕು ಪಂದ್ಯದವರೆಗೆ ಆಡಿದರೂ ಆ ವರ್ಷ ಉಳಿಯುತ್ತಿತ್ತು, ಹಾಗಾಗಿ ಹೊಸಬರು ಎಂದು ಬರೆದವರಲ್ಲಿ ಕೆಲವರು ಪೂರ್ತಿ ಹೊಸಬರಲ್ಲ. ಪೋರ್ಟಲ್: ಮೊದಲು ಏಪ್ರಿಲ್‌ನಲ್ಲೂ ಒಂದು ಬಾಗಿಲು ಇತ್ತು, ವಸಂತದ ಪಂದ್ಯ ನೋಡಿ ಬರೆದುಕೊಂಡದ್ದು ಮೇ ಹೊತ್ತಿಗೆ ಹಾಳಾಗುತ್ತಿತ್ತು. 2026ಕ್ಕೆ ಜನವರಿ 2ರಿಂದ 16ರವರೆಗೆ ಒಂದೇ ಬಾಗಿಲು. 85 ವಿದ್ಯಾರ್ಥಿವೇತನದ ಮಿತಿ ಹೋಗಿ 105 ಆಟಗಾರರ ಮಿತಿ ಬಂದಿದೆ. ದುಡ್ಡು ಕೊಡದೆ ಇಟ್ಟುಕೊಳ್ಳುತ್ತಿದ್ದ ವಾಕ್-ಆನ್ ಹುಡುಗರ ದೊಡ್ಡ ಗುಂಪು ಕರಗಿದೆ. ಇದರ ಏಟು ಮೊದಲು ಎಲ್ಲಿಗೆ ಬೀಳುತ್ತದೆ? ಹೇಳಬೇಕೆ, ಲೈನ್‌ನ ಎಂಟನೆಯವನು, ಒಂಬತ್ತನೆಯವನ ಮೇಲೆ.

ಡೆಪ್ತ್ ಚಾರ್ಟ್ (ಯಾವ ಜಾಗಕ್ಕೆ ಮೊದಲು ಯಾರು, ಆಮೇಲೆ ಯಾರು ಎಂದು ತಂಡ ಕೊಡುವ ಪಟ್ಟಿ) ಬಗ್ಗೆ ಅರ್ಧ ಗಂಟೆ ಇಟ್ಟುಕೊಂಡಿದ್ದೆ, ಅರ್ಧ ನಿಮಿಷ ಉಳಿದಿದೆ. ಎರಡು ಹೆಸರಿನ ನಡುವೆ 'ಅಥವಾ' ಎಂದು ಬರೆದಿರುತ್ತಾರಲ್ಲ, ಕ್ವಾರ್ಟರ್‌ಬ್ಯಾಕ್ ಜಾಗದಲ್ಲಿ ಅದು ಬಹುಪಾಲು ನಾಟಕ. ಸೆಂಟರ್ ಜಾಗದಲ್ಲಿ ಇದ್ದರೆ ಮಾತ್ರ ಗಮನಿಸಿ, ಅಲ್ಲಿ ನಿಜಕ್ಕೂ ಇತ್ಯರ್ಥ ಆಗಿಲ್ಲ ಎಂದು ಅರ್ಥ.

ಖಾಲಿ ಹಾಳೆಗಳನ್ನು ಬಾಗಿಲ ಬಳಿ ಮೇಜಿನ ಮೇಲೆ ಇಟ್ಟಿದೆ, ಎರಡೂ ಕಡೆಯವರಿಗೆ ಸಾಕಾಗುವಷ್ಟಿವೆ. ಪೆನ್ಸಿಲ್‌ನಲ್ಲಿ ಬರೆಯಿರಿ. ಮೊದಲ ಶನಿವಾರದೊಳಗೆ ಒಂದೆರಡು ಹೆಸರನ್ನಾದರೂ ಅಳಿಸಬೇಕಾಗಿ ಬರುತ್ತದೆ.