ಬ್ಯಾನರ್ ಆಮೇಲೆ, ಮೊದಲು ಅಳತೆ ಕೋಲು

ಕೇಳುಗರಿಗೆ ನಮಸ್ಕಾರ.

ಮಾರ್ಚ್ 22 ವಿಶ್ವ ಜಲ ದಿನ. ಆ ವಾರ ಶಾಲೆಗಳಲ್ಲಿ ಚಿತ್ರಕಲೆ ಸ್ಪರ್ಧೆ, ಬಡಾವಣೆಗಳಲ್ಲಿ ಜಾಥಾ, ರಸ್ತೆಗೆ ಅಡ್ಡಲಾಗಿ ‘ಹನಿಗೂಡಿದರೆ ಹಳ್ಳ’ ಅನ್ನುವ ಬ್ಯಾನರು. ಏಪ್ರಿಲ್ ಹೊತ್ತಿಗೆ ಆ ಬ್ಯಾನರು ಯಾವುದೋ ಮಾವಿನಹಣ್ಣಿನ ಗಾಡಿಗೆ ನೆರಳಾಗಿರುತ್ತದೆ. ಸೋರುವ ನಲ್ಲಿ ಸೋರುತ್ತಲೇ ಇರುತ್ತದೆ. 2024ರ ಬೇಸಿಗೆಯಲ್ಲಿ ಬೋರ್‌ವೆಲ್ ಬತ್ತಿ ಟ್ಯಾಂಕರಿಗೆ ಕಾದು ಕೂತ ಬೆಂಗಳೂರಿನವರಿಗೆ ‘ನೀರು ಅಮೂಲ್ಯ’ ಅಂತ ಇನ್ನೊಮ್ಮೆ ಹೇಳಿಕೊಡಬೇಕಾಗಿಲ್ಲ. ತಮ್ಮ ಮನೆಯಲ್ಲಿ ಎಷ್ಟು ನೀರು, ಎಲ್ಲಿಂದ ಹೋಗುತ್ತಿದೆ ಅನ್ನುವುದು ಮಾತ್ರ ಬಹುಪಾಲು ಜನರಿಗೆ ತಿಳಿದಿಲ್ಲ. ಬಡಾವಣೆಯ ಸಂಘವಾಗಲಿ, ಅಪಾರ್ಟ್‌ಮೆಂಟಿನ ಸಮಿತಿಯಾಗಲಿ ಜಲಜಾಗೃತಿ ಕಾರ್ಯಕ್ರಮ ಮಾಡುವುದಾದರೆ ಅಲ್ಲಿಂದಲೇ ಶುರುಮಾಡಬೇಕು.

ಬೇರೆ ಕಡೆಯ ಕೈಪಿಡಿಗಳಲ್ಲಿ ಒಂದು ಪರೀಕ್ಷೆ ಇರುತ್ತದೆ. ರಾತ್ರಿ ಎಲ್ಲ ನಲ್ಲಿ ನಿಲ್ಲಿಸಿ, ಮೀಟರ್ ಬರೆದಿಟ್ಟು, ಬೆಳಗ್ಗೆ ಮತ್ತೆ ನೋಡಿ ಅನ್ನುತ್ತಾರೆ. ನಮ್ಮೂರಿನಲ್ಲಿ ಇದು ಕೆಲಸಕ್ಕೆ ಬರುವುದಿಲ್ಲ. ಜಲಮಂಡಳಿಯ ಮೀಟರ್ ಇರುವುದು ಸಂಪಿನ ಆಚೆ. ಅದು ಸಂಪಿಗೆ ಇಳಿದ ನೀರನ್ನಷ್ಟೇ ಅಳೆಯುತ್ತದೆ. ಕಾವೇರಿ ನೀರು ದಿನ ಬಿಟ್ಟು ದಿನ ಬರುವ ಕಡೆ, ಕಮೋಡು ರಾತ್ರಿಯಿಡೀ ಸೋರಿದರೂ ಮೀಟರಿನ ಮುಳ್ಳು ಅಲುಗುವುದಿಲ್ಲ.

ಹಾಗಾಗಿ ಅಳೆಯಬೇಕಾದದ್ದು ಮೇಲಿನ ಟ್ಯಾಂಕನ್ನು. ರಾತ್ರಿ 11ಕ್ಕೆ ಮೋಟರ್ ಆಫ್ ಮಾಡಿ, ಯಾರೂ ಹಾಕದಂತೆ ಸ್ವಿಚ್ಚಿಗೆ ಒಂದು ಚೀಟಿ ಅಂಟಿಸಿ. ಅರ್ಧ ಇಂಚಿನ ಪಿವಿಸಿ ಪೈಪಿನ ಒಣಗಿದ ತುಂಡೊಂದನ್ನು ಟ್ಯಾಂಕಿನ ತಳ ಮುಟ್ಟುವಂತೆ ನೇರವಾಗಿ ಇಳಿಸಿ. ಒದ್ದೆಯಾದ ಗೆರೆಗೆ ಮಾರ್ಕರಿನಲ್ಲಿ ಗುರುತು ಹಾಕಿ. ಬೆಳಗ್ಗೆ 5ಕ್ಕೆ ಯಾರೂ ನಲ್ಲಿ ತಿರುಗಿಸುವ ಮೊದಲು ಮತ್ತೊಮ್ಮೆ ಇಳಿಸಿ. ಒಳವ್ಯಾಸ 110 ಸೆಂ.ಮೀ. ಇರುವ ನೇರ ಗೋಡೆಯ ಟ್ಯಾಂಕಿನಲ್ಲಿ ನೀರು 1 ಸೆಂ.ಮೀ. ಇಳಿದರೆ ಸುಮಾರು ಒಂಬತ್ತೂವರೆ ಲೀಟರ್ ಹೋಯಿತೆಂದು ಲೆಕ್ಕ. ಆರು ಗಂಟೆಯಲ್ಲಿ 2 ಸೆಂ.ಮೀ. ಇಳಿದಿದ್ದರೆ ದಿನಕ್ಕೆ 76 ಲೀಟರ್ ಯಾರೂ ಬಳಸದೆ ಚರಂಡಿ ಸೇರುತ್ತಿದೆ. ನಗರಗಳಲ್ಲಿ ಒಬ್ಬರಿಗೆ ದಿನಕ್ಕೆ 135 ಲೀಟರ್ ಅನ್ನುವುದು ಸರ್ಕಾರಿ ಮಾನದಂಡ. ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಹೀಗೆ ಹೋಯಿತು. ರಾತ್ರಿ ಯಾರಾದರೂ ಬಚ್ಚಲಿಗೆ ಎದ್ದು ಹೋಗಿದ್ದರೆ ಅದನ್ನು ಬರೆದಿಟ್ಟುಕೊಂಡು ಕಳೆಯಿರಿ, ಇಲ್ಲದಿದ್ದರೆ ಲೆಕ್ಕ ತಪ್ಪುತ್ತದೆ.

ಸಂಪಿಗೂ ಇದೇ ಪರೀಕ್ಷೆ, ಒಳಬರುವ ವಾಲ್ವ್ ಮುಚ್ಚಿ ಮಾಡಬೇಕು. ಮಳೆಗಾಲದಲ್ಲಿ ಬೆಳಗಾಗುವಷ್ಟರಲ್ಲಿ ಸಂಪಿನ ನೀರು ಏರಿದ್ದರೆ ಖುಷಿಪಡಬೇಡಿ. ಗೋಡೆಯ ಬಿರುಕಿನಿಂದ ಹೊರಗಿನ ನೀರು ಒಳಬರುತ್ತಿದೆ, ಪಕ್ಕದಲ್ಲಿ ಒಳಚರಂಡಿ ಇದ್ದರೆ ಅದೂ ಬರಬಹುದು. ಅದನ್ನು ದುರಸ್ತಿ ಮಾಡುವ ತನಕ ಕುಡಿಯಬೇಡಿ.

ಟ್ಯಾಂಕು ಇಳಿಯುತ್ತಿದೆ, ಆದರೆ ನಲ್ಲಿ ಒಂದೂ ಸೋರುತ್ತಿಲ್ಲ ಅಂದರೆ ಮೊದಲ ಅನುಮಾನ ಫ್ಲಶ್ ಟ್ಯಾಂಕಿನ ಮೇಲೆ. ಇದನ್ನು ಸಭೆಯಲ್ಲೇ ಮಾಡಿ ತೋರಿಸಬಹುದು. ಬೀಟ್‌ರೂಟ್ ಬೇಯಿಸಿದ ನೀರು ಅರ್ಧ ಲೋಟ ಫ್ಲಶ್ ಟ್ಯಾಂಕಿಗೆ ಸುರಿದು, ಇಪ್ಪತ್ತು ನಿಮಿಷ ಯಾರೂ ಫ್ಲಶ್ ಮಾಡದಂತೆ ನೋಡಿಕೊಳ್ಳಿ. ಕಮೋಡಿನೊಳಗೆ ಕೆಂಪು ಕಂಡರೆ ಸೋರಿಕೆ ಖಚಿತ. ಆಮೇಲೆ ಮುಚ್ಚಳ ತೆಗೆದು ನೋಡಿ. ನೀರು ನಡುವಿನ ಓವರ್‌ಫ್ಲೋ ಕೊಳವೆಯ ಬಾಯಿಯವರೆಗೂ ನಿಂತಿದ್ದರೆ ಫ್ಲೋಟನ್ನು ಸ್ವಲ್ಪ ಕೆಳಗಿಳಿಸಿದರೆ ಸಾಕು. ಅದಕ್ಕಿಂತ ಕೆಳಗಿದ್ದರೆ ತಳದ ರಬ್ಬರ್ ವಾಷರ್ ಹೋಗಿದೆ, ಅಥವಾ ಬೋರ್ ನೀರಿನ ಬಿಳಿ ಉಪ್ಪು ಅದರಡಿ ಕಟ್ಟಿದೆ. ಮೊದಲು ಒರೆಸಿ ನೋಡಿ, ಹೊಸ ವಾಷರ್ ಆಮೇಲೆ ತನ್ನಿ. ನೀರು ಉಳಿಸಲೆಂದು ಟ್ಯಾಂಕಿನೊಳಗೆ ಇಟ್ಟಿಗೆ ಇಡುವ ಸಲಹೆಯೊಂದು ಇನ್ನೂ ಓಡಾಡುತ್ತಿದೆ. ಇಡಬೇಡಿ. ಇಟ್ಟಿಗೆ ಕರಗಿ, ಅದರ ಪುಡಿ ವಾಷರಿನಡಿ ಸಿಕ್ಕಿಕೊಂಡು ಹೊಸ ಸೋರಿಕೆ ಹುಟ್ಟುತ್ತದೆ. ನೀರು ತುಂಬಿ ಬಿರಡೆ ಬಿಗಿದ ಒಂದು ಲೀಟರ್ ಬಾಟಲಿ ಸಾಕು.

ಇನ್ನು ಏರೇಟರ್, ಅಂದರೆ ನೀರಿಗೆ ಗಾಳಿ ಬೆರೆಸಿ ಹರಿವು ತಗ್ಗಿಸಲು ನಲ್ಲಿಯ ಬಾಯಿಗೆ ಹಾಕುವ ಪುಟ್ಟ ಜಾಲರಿ. 2024ರ ಮಾರ್ಚಿನಲ್ಲಿ ಜಲಮಂಡಳಿ ಇದನ್ನು ಅಪಾರ್ಟ್‌ಮೆಂಟ್, ಹೋಟೆಲುಗಳಿಗೆ ಕಡ್ಡಾಯ ಮಾಡಿದ ಮೇಲೆ ಎಲ್ಲರಿಗೂ ಹೆಸರು ಗೊತ್ತು. ಆದರೆ ಹಲವು ಮನೆಗಳಲ್ಲಿ ಹಾಕಿದ್ದನ್ನು ಕಿತ್ತು ಬಿಸಾಡಿದ್ದಾರೆ. ಕಾರಣ ಎರಡು. ಒಂದು, ಬಕೆಟ್ ತುಂಬುವ ನಲ್ಲಿಗೂ ಹಾಕುತ್ತಾರೆ. ಬಕೆಟಿಗೆ ಬೇಕಾದಷ್ಟು ನೀರು ಬೇಕೇ ಬೇಕು. ಅಲ್ಲಿ ಉಳಿತಾಯ ಸೊನ್ನೆ, ಕಾಯುವುದು ಮಾತ್ರ ಹೆಚ್ಚು. ಅದು ಸೇರಬೇಕಾದದ್ದು ವಾಷ್ ಬೇಸಿನ್ನಿಗೆ ಮತ್ತು ಅಡುಗೆಮನೆಯ ಸಿಂಕಿಗೆ. ಎರಡು, ಗಡಸು ನೀರಿನ ಉಪ್ಪು ಜಾಲರಿಗೆ ಕಟ್ಟಿ ನೀರು ನೂಲಿನಂತೆ ಬರತೊಡಗುತ್ತದೆ. ತಿಂಗಳಿಗೊಮ್ಮೆ ಬಿಚ್ಚಿ ನಿಂಬೆರಸದಲ್ಲೋ ವಿನೆಗರ್‌ನಲ್ಲೋ ಅರ್ಧ ಗಂಟೆ ನೆನೆಸಿ, ಹಳೆಯ ಹಲ್ಲುಜ್ಜುವ ಬ್ರಷ್ಷಿನಲ್ಲಿ ಉಜ್ಜಿದರೆ ಸರಿಹೋಗುತ್ತದೆ. ಸಭೆಯಲ್ಲಿ ಒಂದು ಲೀಟರ್ ಜಗ್ಗು, ಮೊಬೈಲಿನ ಸ್ಟಾಪ್‌ವಾಚ್ ಇಟ್ಟುಕೊಳ್ಳಿ. ಜಗ್ಗು 5 ಸೆಕೆಂಡಿನಲ್ಲಿ ತುಂಬಿದರೆ ನಿಮಿಷಕ್ಕೆ 12 ಲೀಟರ್, 20 ಸೆಕೆಂಡ್ ಹಿಡಿದರೆ 3 ಲೀಟರ್. ಕಣ್ಣೆದುರು ನಡೆಯುವ ಈ ಲೆಕ್ಕಕ್ಕೆ ವಿವರಣೆ ಬೇಕಾಗಿಲ್ಲ.

ಸಭೆಗೆ ಯಾರನ್ನು ಕರೆಯುತ್ತೀರಿ ಅನ್ನುವುದು ಏನು ಹೇಳುತ್ತೀರಿ ಅನ್ನುವುದಕ್ಕಿಂತ ಮುಖ್ಯ. ಭಾನುವಾರ ಹತ್ತು ಗಂಟೆಗೆ ಮನೆ ಯಜಮಾನರಷ್ಟೇ ಬಂದು ಕಾಫಿ ಕುಡಿದು ಹೋದರೆ ಏನೂ ಬದಲಾಗದು. ದಿನವಿಡೀ ನಲ್ಲಿ ತಿರುಗಿಸುವವರು ಮನೆಕೆಲಸದ ಅಕ್ಕಂದಿರು, ಮೋಟರ್ ಹಾಕುವವರು ಸೆಕ್ಯುರಿಟಿಯವರು, ರಿಪೇರಿ ಮಾಡುವವರು ಪ್ಲಂಬರ್. ಅವರಿಗಾಗಿ ಬೇರೆ ಸಮಯ ಇಡಿ, ಮಧ್ಯಾಹ್ನ ಎರಡೂವರೆಯ ಸುಮಾರಿಗೆ, ಕೆಲಸದ ನಡುವಿನ ಬಿಡುವಿನಲ್ಲಿ. ಕನ್ನಡದ ಜೊತೆಗೆ ತಮಿಳು, ತೆಲುಗು, ಹಿಂದಿ ಬಲ್ಲವರೊಬ್ಬರು ಇರಲಿ. ಆ ಹೊತ್ತಿಗೆ ಸಂಬಳ ಕತ್ತರಿಸಬಾರದು ಅನ್ನುವುದನ್ನೂ ಮನೆಯವರಿಗೆ ಮೊದಲೇ ಹೇಳಿ. ಟ್ಯಾಂಕ್ ತುಂಬಿ ರಸ್ತೆಗೆ ಹರಿಯುವುದನ್ನು ನಿಲ್ಲಿಸುವವರೂ ಅವರೇ.

ಶಾಲೆಯಲ್ಲಾದರೆ ಮಕ್ಕಳಿಗೆ ಒಂದು ನೋಟ್‌ಬುಕ್ ಕೊಡಿ. ಪ್ರತಿ ನಲ್ಲಿಗೂ ನಂಬರ್ ಬರೆದು, ಸೋರುವುದರ ಕೆಳಗೆ ಒಂದು ಗಂಟೆ ಪಾತ್ರೆ ಇಟ್ಟು ಅಳೆಯಲಿ. ಮುಕ್ಕಾಲು ಲೀಟರ್ ಕೂಡಿದರೆ ದಿನಕ್ಕೆ 18 ಲೀಟರ್. ಪಟ್ಟಿ ಮುಖ್ಯೋಪಾಧ್ಯಾಯರ ಮೇಜಿಗೆ ಹೋಗುವಾಗ, ತಿರುಗಿಸುವ ಹಳೆಯ ನಲ್ಲಿಗೆ ವಾಷರ್, ಕಾಲು ಸುತ್ತಿನ ಹೊಸ ನಲ್ಲಿಗೆ ಒಳಗಿನ ಕಾರ್ಟ್ರಿಡ್ಜ್ ಎಂದು ಬೇರೆಬೇರೆ ಬರೆದಿರಲಿ. ಇಲ್ಲದಿದ್ದರೆ ಪ್ಲಂಬರ್ ಬರಿಗೈಲಿ ಬಂದು ಬರಿಗೈಲಿ ಹೋಗುತ್ತಾರೆ. ಮಳೆನೀರಿನ ಪಾಠಕ್ಕೆ ಜಯನಗರ 5ನೇ ಬ್ಲಾಕಿನಲ್ಲಿ ಜಲಮಂಡಳಿಯದೇ ಮಳೆನೀರು ಕೊಯ್ಲು ಕೇಂದ್ರವಿದೆ, ಮಕ್ಕಳನ್ನು ಅಲ್ಲಿಗೆ ಕರೆದೊಯ್ಯಿರಿ. ಹೋಗುವ ಮೊದಲು ಒಂದು ಲೆಕ್ಕ ಕಲಿಸಿದ್ದರೆ ಸಾಕು: 100 ಚದರ ಮೀಟರ್ ತಾರಸಿಯ ಮೇಲೆ 1 ಮಿ.ಮೀ. ಮಳೆ ಬಿದ್ದರೆ 100 ಲೀಟರ್.

ಫಲಿತಾಂಶವನ್ನು ನೋಟಿಸ್ ಬೋರ್ಡಿಗೆ ಹಾಕುವಾಗ ಮನೆ ನಂಬರ್ ಹಾಕಬೇಡಿ. ಹೆಸರು ಕೆಟ್ಟವರು ಮುಂದಿನ ಸಲ ಬಾಗಿಲು ತೆಗೆಯುವುದಿಲ್ಲ. ಮಹಡಿವಾರು ಅಥವಾ ಬ್ಲಾಕ್‌ವಾರು ಹಾಕಿ, ಅದೂ ತಲಾ ಲೆಕ್ಕದಲ್ಲಿ. ಆರು ಜನರ ಮನೆಯನ್ನು ಇಬ್ಬರ ಮನೆಗೆ ಹೋಲಿಸಿದರೆ ಜಗಳವೇ ಗತಿ. ಹಳೆಯ ಅಪಾರ್ಟ್‌ಮೆಂಟುಗಳಲ್ಲಿ ಪ್ರತಿ ಬಚ್ಚಲಿಗೂ ಅಡುಗೆಮನೆಗೂ ಬೇರೆಬೇರೆ ಪೈಪ್ ಇಳಿದಿರುವುದರಿಂದ ಒಂದೇ ಮನೆಗೆ ನಾಲ್ಕೈದು ಮೀಟರ್ ಬೇಕಾಗುತ್ತದೆ. ಅಷ್ಟು ಖರ್ಚಿಗೆ ಒಪ್ಪಿಗೆ ಸಿಗುವವರೆಗೆ ಬ್ಲಾಕಿನ ಟ್ಯಾಂಕಿಗೆ ಒಂದೊಂದು ಮೀಟರ್ ಹಾಕಿಸಿದರೂ ಆದೀತು.

ಹದಿನೈದು ದಿನ ಬಿಟ್ಟು ಅದೇ ಪೈಪಿನ ತುಂಡು, ಅದೇ ಟ್ಯಾಂಕು, ರಾತ್ರಿ 11ರಿಂದ ಬೆಳಗ್ಗೆ 5. ದುರಸ್ತಿಯಾದ ಮೇಲೂ ನೀರು ಇಳಿಯುತ್ತಿದ್ದರೆ ಒಂದೊಂದೇ ಗೇಟ್ ವಾಲ್ವ್ ಮುಚ್ಚುತ್ತ ರಾತ್ರಿಗೊಂದು ಪೈಪನ್ನು ಪರೀಕ್ಷಿಸಿ. ಯಾವ ವಾಲ್ವ್ ಮುಚ್ಚಿದ ರಾತ್ರಿ ಗುರುತು ಅಲುಗಲಿಲ್ಲವೋ, ಸೋರಿಕೆ ಆ ಪೈಪಿನಲ್ಲಿದೆ.

ನಮಸ್ಕಾರ.