ಕೈಫೆಂಗ್ ರಾತ್ರಿ ಸಂತೆ: 10 ಯುವಾನ್ ಪಾಡು

ಜನ ನೋಡಿ! ಇದು ಕೈಫೆಂಗ್‌ನ ಗುಲೌ ರಾತ್ರಿ ಸಂತೆ. ಸಾವಿರ ವರ್ಷದ ಹಿಂದೆ ಚೀನಾದ ಸಾಂಗ್ ರಾಜರ ರಾಜಧಾನಿ ಇದೇ. ಆ ಹಳೇ ಊರು ಹಳದಿ ನದಿಯ ಹೂಳಿನಲ್ಲಿ ಮುಚ್ಚಿಹೋಗಿ ಈಗ ಕಾಲಡಿಯಲ್ಲಿದೆ.

ಈ ತಾಮ್ರದ ಹೂಜಿ ನೋಡಿ, ಮೂತಿಯಲ್ಲಿ ಡ್ರ್ಯಾಗನ್ ತಲೆ. ಬಟ್ಟಲಲ್ಲಿರುವುದು ಶಿಂಗ್‌ರೆನ್ ಚಾ. ಹೆಸರಿಗೆ ಚಹಾ, ನಿಜಕ್ಕೂ ಏಪ್ರಿಕಾಟ್ ಬೀಜದ ಸಿಹಿ ಗಂಜಿ. 10 ಯುವಾನ್. ಆ 10 ಯುವಾನ್‌ಗೆ ನಾನು ಪಟ್ಟ ಪಾಡು! ಕ್ಯೂಆರ್ ಸ್ಕ್ಯಾನ್ ಮಾಡಿದೆ, ಚಕ್ರ ಸುತ್ತುತ್ತಲೇ ಇತ್ತು. ಮತ್ತೆ ಮಾಡಿದೆ, ಫೇಲ್. ಕೈಯಲ್ಲಿದ್ದದ್ದು 100ರ ನೋಟು, ಅಂಗಡಿಯವರ ಹತ್ತಿರ ಚಿಲ್ಲರೆ ಇಲ್ಲ. ಅವರು ಬಟ್ಟಲು ಹಿಡಿದೇ ನಿಂತಿದ್ದಾರೆ, ನನ್ನ ಹಿಂದೆ ಸಾಲು ಬೆಳೆಯುತ್ತಿದೆ. ಮುಖ ಬಿಸಿಯಾಯಿತು. ಕೊನೆಗೆ ಸಾಲಿನಲ್ಲಿದ್ದ ಒಬ್ಬ ಹುಡುಗಿ ತನ್ನ ಫೋನಿನಿಂದ ಕಟ್ಟಿಬಿಟ್ಟಳು.

ಆಗ ನೆನಪಾದವನು ಲೇ ಹೆಂಗ್. ‘ಶುಯಿಹು ಝುವಾನ್’ ಅನ್ನುವ ಚೀನಾದ ಹಳೇ ಕಾದಂಬರಿಯಲ್ಲಿ ಪೇದೆಗಳ ಮುಖಂಡ. ಕಥೆ ಹಾಡುವ ಮಂಟಪದಲ್ಲಿ ಮೊದಲನೇ ಜಾಗದಲ್ಲೇ ಹೋಗಿ ಕೂತ. ಹಾಡುವವಳು ಕಥೆ ಬಿಸಿಯೇರಿದಾಗ ನಿಲ್ಲಿಸಿ, ಕಾಸಿಗೆ ತಟ್ಟೆ ಹಿಡಿದು ನೇರ ಅವನ ಮುಂದೆ ಬಂದಳು. ಇವನ ಹತ್ತಿರ ಒಂದು ಕಾಸೂ ಇಲ್ಲ! ಅವಳಪ್ಪನ ಬೈಗುಳ ತಡೆಯಲಾರದೆ ಅವನಿಗೆ ಹೊಡೆದುಬಿಟ್ಟ.

ಕುತೂಹಲದ ಹೊತ್ತಿಗೆ ಕಥೆ ನಿಲ್ಲಿಸಿದರೆ ನನಗೆ ಮೊದಲಿನಿಂದಲೂ ಕಿರಿಕಿರಿ. ಸುಮ್ನೆ ಎಳೆಯುತ್ತಾರೆ ಅಂದುಕೊಂಡಿದ್ದೆ. ಈಗ ಹಾಗನ್ನಿಸುವುದಿಲ್ಲ. ಅದು ಹೊಟ್ಟೆಪಾಡು. ಸಾಂಗ್‌ಗೂ ಹಿಂದೆ ಆಳಿದ ಟಾಂಗ್ ರಾಜರ ರಾಜಧಾನಿಯಲ್ಲಿ ಸಂಜೆ ನಗಾರಿ ಬಾರಿಸಿದರೆ ಕೇರಿಗಳ ಬಾಗಿಲು ಬಂದ್. ಇಲ್ಲಿ 965ರಲ್ಲೇ ನಡುರಾತ್ರಿವರೆಗೆ ಸಂತೆಗೆ ಅಪ್ಪಣೆ ಸಿಕ್ಕಿತು. ಆಮೇಲೆ ಒಂದೇ ಕಡೆ 50ಕ್ಕೂ ಹೆಚ್ಚು ಮಂಟಪ ಎದ್ದವು. ಇಲ್ಲೊಬ್ಬ ಚೀನಾದ ಹಳೇ ಮೂರು ರಾಜ್ಯಗಳ ಯುದ್ಧದ ಕಥೆ ಹೇಳುತ್ತಿದ್ದರೆ ಅಲ್ಲಿ ಬೊಂಬೆಯಾಟ. ಬೇಜಾರಾದರೆ ಜನ ಎದ್ದು ಹೋಗುತ್ತಾರೆ, ಅಲ್ವಾ? ತಟ್ಟೆ ತುಂಬುವವರೆಗೆ ಅವರನ್ನು ಕೂರಿಸಬೇಕು.

ಕೇಳುವವರಲ್ಲಿ ಅಂಗಡಿಯವರೂ ಇದ್ದರು, ಕಥೆಯೊಳಗೂ ಅಂಗಡಿಯವರೇ ಬಂದರು. ನನಗೆ ಜಾಸ್ತಿ ಇಷ್ಟ ಎಣ್ಣೆ ಮಾರುವ ಚಿನ್ ಝೋಂಗ್. ಲೇಖಕ ಫೆಂಗ್ ಮೆಂಗ್‌ಲೊಂಗ್ 1627ರಲ್ಲಿ ತಂದ ಕಥಾ ಸಂಗ್ರಹದಲ್ಲಿ ಸಿಗುತ್ತಾನೆ. ಯುದ್ಧದಲ್ಲಿ ಊರು ಬಿಟ್ಟು ಹಾಂಗ್‌ಝೌ ಸೇರಿದವನು. ಎಣ್ಣೆ ಬಕೆಟ್‌ನ ಒಂದು ಬದಿಗೆ ಮನೆತನದ ಹೆಸರು, ಇನ್ನೊಂದು ಬದಿಗೆ ‘ಬಿಯೆನ್‌ಲಿಯಾಂಗ್’ ಅಂತ ಬರೆದುಕೊಂಡು ಬೀದಿ ಬೀದಿ ಅಲೆಯುತ್ತಾನೆ. ಕಳೆದುಹೋದ ಅಪ್ಪನ ಸುದ್ದಿ ಸಿಗಲಿ ಅಂತ. ಬಿಯೆನ್‌ಲಿಯಾಂಗ್ ಅಂದರೆ ಇದೇ ಊರು, ಈ ಕೈಫೆಂಗ್! ಅದನ್ನು ಓದಿದಾಗ ನನಗೆ ಗಂಟಲು ಕಟ್ಟಿತ್ತು.

ಅಯ್ಯೋ, ಶಾಟ್ ಮುಗಿಯುತ್ತಿದೆ. ಮೂಲೆಯ ಬೆಂಚಿನ ಮೇಲೆ ಕಾಣುತ್ತಾಳಲ್ಲ, ಅವಳೇ ಆ ಹುಡುಗಿ. ಅಷ್ಟರಲ್ಲಿ ಚಿಲ್ಲರೆ ಸಿಕ್ಕಿತ್ತು. ಕಲ್ಲಂಗಡಿ ನಾನೇ ಕೊಡಿಸಿದೆ.