ಕೈ ಊರದೆ ಏಳಿ

ಕೇಳುಗರಿಗೆಲ್ಲ ನಮಸ್ಕಾರ. ಕುರ್ಚಿಯಲ್ಲಿ ಕೂತು ಕೇಳುತ್ತಿದ್ದೀರಾ? ಹಾಗಾದರೆ ಒಂದು ಕೆಲಸ ಮಾಡಿ. ಎರಡೂ ಕೈ ಎದೆಯ ಮೇಲೆ ಕಟ್ಟಿಕೊಳ್ಳಿ. ಹಾಗೇ ಎದ್ದು ನಿಲ್ಲಿ, ಮತ್ತೆ ಕೂರಿ. ಐದು ಸಲ. 12 ಸೆಕೆಂಡಿನೊಳಗೆ ಮುಗಿಯಿತಾ? ಭೇಷ್. ಇನ್ನೂ ಹೊತ್ತು ಹಿಡಿಯಿತು, ಅಥವಾ ಕೈ ಊರಲೇಬೇಕಾಯಿತು ಅನ್ನುವವರು ಸ್ವಲ್ಪ ಹತ್ತಿರ ಬಂದು ಕೇಳಿ.

ಬಿಪಿ, ಶುಗರ್ ರಿಪೋರ್ಟ್ ಹಿಡಿದು ಬರುವ ಹಿರಿಯರು ತುಂಬ ಜನ. 'ತೊಡೆಯಲ್ಲಿ ಕಸುವಿಲ್ಲ ಡಾಕ್ಟ್ರೇ' ಅಂತ ಬರುವವರು ಕಮ್ಮಿ. ಯಾಕೆಂದರೆ ಸ್ನಾಯು ಕರಗುವಾಗ ನೋಯುವುದಿಲ್ಲ. ಮೂವತ್ತು ದಾಟಿದ ಮೇಲೆ ಹತ್ತು ವರ್ಷಕ್ಕೆ ನೂರಕ್ಕೆ 3ರಿಂದ 8 ಪಾಲು ಹೋಗುತ್ತಾ ಇರುತ್ತದೆ. ಅರವತ್ತರ ನಂತರ ಇನ್ನೂ ಜಾಸ್ತಿ. ಆ ಜಾಗಕ್ಕೆ ಕೊಬ್ಬು ಬಂದು ಕೂತರೆ ತೂಕದಲ್ಲೂ ಗೊತ್ತಾಗುವುದಿಲ್ಲ. ಗೊತ್ತಾಗುವುದು ಎಡವಿದಾಗ. ಸ್ನಾಯುವಿನಲ್ಲಿ ಚುರುಕಾಗಿ ಕೆಲಸ ಮಾಡುವ ಎಳೆಗಳೇ ಮೊದಲು ಸೊರಗುತ್ತವೆ. ಹಾಗಾಗಿ ಥಟ್ಟನೆ ಮುಂದಿಡಬೇಕಾದ ಕಾಲು ತಡವಾಗಿ ಬರುತ್ತದೆ. ಅಷ್ಟರಲ್ಲಿ ಬಿದ್ದಾಗಿರುತ್ತದೆ.

ಇದನ್ನು ಹೇಳಿದರೆ ಸಿಗುವ ಉತ್ತರ ಒಂದೇ. 'ವಯಸ್ಸಾಯ್ತಲ್ಲ, ಇನ್ನೇನು ಮಾಡೋದು?' ಈ ಮಾತು ಕೇಳಿದರೆ ನನಗೆ ರೇಗುತ್ತದೆ. ಆಗೆಲ್ಲ ನಾನು ಒಂದು ಕಥೆ ಹೇಳುತ್ತೇನೆ. ಕೇಳಿದ್ದವರು ಇನ್ನೊಮ್ಮೆ ಕೇಳಿ, ಪರವಾಗಿಲ್ಲ.

ಅಮೆರಿಕದ ಬಾಸ್ಟನ್‌ನಲ್ಲಿ ವೃದ್ಧರನ್ನು ನೋಡಿಕೊಳ್ಳುವ ಒಂದು ಸಂಸ್ಥೆ. ಅಲ್ಲಿನ ಹತ್ತು ಜನರನ್ನು ವೈದ್ಯರು ಆರಿಸಿಕೊಂಡರು. ವಯಸ್ಸು 86ರಿಂದ 96! ಕೀಲುನೋವು, ಹೃದಯದ ತೊಂದರೆ, ಹಿಂದೆ ಬಿದ್ದದ್ದು, ಎಲ್ಲ ಇದ್ದವರೇ. ಇಂಥವರಿಗೆ ಏನು ಕೊಟ್ಟರು ಗೊತ್ತಾ? ಭಾರ. ಕೂತಲ್ಲೇ ಕಾಲಿನಿಂದ ಭಾರ ಎತ್ತಿ ಮಂಡಿ ನೇರ ಮಾಡಬೇಕು, ನಿಧಾನಕ್ಕೆ ಇಳಿಸಬೇಕು. ಎಂಟು ಸಲ ಎತ್ತಿ ಸುಧಾರಿಸಿಕೊಳ್ಳುವುದು, ಮತ್ತೆ ಎಂಟು, ಮತ್ತೆ ಎಂಟು. ವಾರಕ್ಕೆ ಮೂರು ದಿನ. ಸುಮ್ನೆ ಶಾಸ್ತ್ರಕ್ಕೆ ಅಂತ ಹಗುರದ ಭಾರ ಅಲ್ಲ. ಅವರ ಕೈಲಾಗುವ ಗರಿಷ್ಠ ಭಾರದಲ್ಲಿ ನೂರಕ್ಕೆ 80 ಪಾಲು. ಕಸುವು ಏರಿದಂತೆ ಭಾರವೂ ಏರುತ್ತಿತ್ತು. ಎಂಟು ವಾರ ಕಳೆದ ಮೇಲೆ ಕಾಲಿನ ಬಲ ಸರಾಸರಿ ಶೇಕಡಾ 174 ಹೆಚ್ಚಿತ್ತು. ಅಂದರೆ ಎರಡೂವರೆ ಪಟ್ಟಿಗಿಂತ ಜಾಸ್ತಿ. ಇಬ್ಬರು ಊರುಗೋಲು ಬಿಟ್ಟರು. ಕೈ ಊರದೆ ಏಳಲಾಗದ ಒಬ್ಬರು ಎದ್ದು ನಿಂತರು. 1990ರಲ್ಲೇ ಅಚ್ಚಾದ ಅಧ್ಯಯನ ಇದು. ನಾವಿನ್ನೂ ಎಪ್ಪತ್ತರವರಿಗೆ 'ಆರಾಮಾಗಿ ಕೂತ್ಕೊಳ್ಳಿ' ಅನ್ನುತ್ತಿದ್ದೇವೆ! ಆಮೇಲೆ ವ್ಯಾಯಾಮ ನಿಲ್ಲಿಸಿದರು. ನಾಲ್ಕೇ ವಾರದಲ್ಲಿ ಬಲ ಮೂರನೇ ಒಂದು ಪಾಲಿನಷ್ಟು ಇಳಿಯಿತು. ಹಾಗಾಗಿ ಬಿಡುವ ಹಾಗಿಲ್ಲ.

'ದಿನಾ ವಾಕಿಂಗ್ ಮಾಡ್ತೀನಲ್ಲ' ಅನ್ನುತ್ತೀರಿ. ಮಾಡಿ, ಹೃದಯಕ್ಕೆ ಒಳ್ಳೆಯದು. ಆದರೆ ತೊಡೆಗೆ ಅದು ಸಾಲದು. ಸ್ನಾಯುವಿಗೆ ಭಾರ ಬೇಕು. ಕುರ್ಚಿಯಿಂದ ಕೈ ಊರದೆ ಏಳುವಾಗ ನಿಮ್ಮ ಮೈತೂಕವೇ ಭಾರ. ಗೋಡೆಗೆ ಒರಗಿಸಿದ, ಅಲುಗದ ಕುರ್ಚಿ ಇರಲಿ. ಹತ್ತು ಸಲ ಎದ್ದು ಕೂರಿ, ಸುಧಾರಿಸಿಕೊಂಡು ಮತ್ತೆ ಹತ್ತು. ಸುಲಭ ಅನಿಸಿತಾ? ಇನ್ನೂ ನಿಧಾನಕ್ಕೆ ಕೂರಿ, ಆಗ ತೊಡೆ ನಡುಗುತ್ತದೆ. ನಡುಗಲಿ, ಅದೇ ಬೇಕಾಗಿರುವುದು.

ಸಮಯ ಹೋಗುತ್ತಿದೆ, ಊಟದ ವಿಷಯ ಬೇಗ ಹೇಳುತ್ತೇನೆ. ಮೈತೂಕದ ಪ್ರತಿ ಕಿಲೋಗೆ ದಿನಕ್ಕೆ 1ರಿಂದ 1.2 ಗ್ರಾಂ ಪ್ರೋಟೀನ್ ಬೇಕು. 60 ಕಿಲೋ ಇದ್ದರೆ 60ರಿಂದ 72 ಗ್ರಾಂ. ಮೂರೂ ಹೊತ್ತಿಗೆ ಹಂಚಿ. ಕಿಡ್ನಿ ತೊಂದರೆ ಇದ್ದವರು ವೈದ್ಯರನ್ನು ಕೇಳಿ. ಟಾನಿಕ್ ಕುಡಿದು ಕೂತರೆ ಮಾತ್ರ ಏನೂ ಆಗದು. 1994ರಲ್ಲಿ ಬಾಸ್ಟನ್‌ನ ಅದೇ ತಂಡ ನೂರು ಜನ ವೃದ್ಧರ ಮೇಲೆ ಇದನ್ನು ಪರೀಕ್ಷಿಸಿ ನೋಡಿತು. ಪೌಷ್ಟಿಕ ಪಾನೀಯ ಮಾತ್ರ ಕೊಟ್ಟವರಿಗೆ ಬಲ ಬರಲಿಲ್ಲ, ಭಾರ ಎತ್ತಿದವರಿಗೆ ಬಂತು.

ಕೊನೆಗೆ ಮಕ್ಕಳಿಗೆ, ಸೊಸೆಯಂದಿರಿಗೆ ಒಂದು ಮಾತು. ಆರೋಗ್ಯವಾಗಿದ್ದ ಹಿರಿಯರನ್ನೇ ಹತ್ತು ದಿನ ಹಾಸಿಗೆಯಲ್ಲಿ ಮಲಗಿಸಿ ನೋಡಿದಾಗ ಕಾಲಿನಿಂದ ಸುಮಾರು ಒಂದು ಕಿಲೋ ಮಾಂಸಖಂಡ ಹೋಗಿತ್ತು. ಅಪ್ಪ ನೀರು ಬೇಕು ಅಂದರೆ ಓಡಿ ಹೋಗಿ ತಂದುಕೊಡಬೇಡಿ. ಅವರೇ ಏಳಲಿ. ಅಮ್ಮ ಏಳುವಾಗ ರಟ್ಟೆ ಹಿಡಿದು ಎಬ್ಬಿಸಬೇಡಿ, ಪಕ್ಕದಲ್ಲಿ ನಿಂತಿರಿ ಸಾಕು. ನಮಸ್ಕಾರ.